ನಂಬರಿಲ್ಲದ ದಿಬ್ಬ

ಫುಟ್‌ಬಾಲ್ ಪಂದ್ಯವನ್ನು ಕೂತೇ ನೋಡಬೇಕು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ನೇರ ಜಗಳಕ್ಕೇ ಇಳಿಯುತ್ತೇನೆ. ಕೊಲ್ಹಾಪುರದಲ್ಲಿ ಇಳಿದಿದ್ದೇನೆ, ಗಡಹಿಂಗ್ಲಜದಲ್ಲಿ ಇಳಿದಿದ್ದೇನೆ, ಇಚಲಕರಂಜಿಯ ನನ್ನ ಮನೆಯೊಳಗೇ ಹೆಂಡತಿಯ ಜೊತೆಗೂ ಇಳಿದಿದ್ದೇನೆ. “ಹನ್ನೆರಡು ತಾಸು ಮಗ್ಗದ ಮುಂದ ನಿಂತು ಬರ್ತೀರಿ. ಸೂಟಿ ದಿನಾನೂ ಹೋಗಿ ಬಿಸಲಾಗ ನಿಂದರ್ತೀರಲ್ರೀ, ನಿಮಗೇನು ಕಾಲು ಬ್ಯಾಸರ ಆಗ್ಯಾವೇನು?” ಎನ್ನುತ್ತಾಳೆ ಅವಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೂ ನಾನು ಒಪ್ಪುವವನಲ್ಲ. ಯಾಕೆಂದು ಹೇಳಬೇಕಾದರೆ, ನಾನೇ ಮುಂದಾಗಿ ಕುರ್ಚಿ ಟಿಕೆಟು ತೆಗೆಸಿದ ದಿನದ ಕಥೆ ಹೇಳಬೇಕು.

ನಾವು ಪವರ್‌ಲೂಮಿನ ಮಂದಿ. ಅಜ್ಜನ ಊರು ಗಡಿಯಾಚೆ ಕರ್ನಾಟಕದಲ್ಲಿ. ನನ್ನನ್ನು ಮಗ್ಗಕ್ಕೆ ಹಚ್ಚಿದವನು ನನ್ನ ಸೋದರಮಾವ. ಮಗ್ಗದ ಶೆಡ್ಡಿನೊಳಗೆ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿ ಕೈಯಲ್ಲಿ ಮಾತಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಮುಷ್ಟಿ ಕಟ್ಟಿ ಎದೆಯ ಕಡೆಗೆ ಎಳೆದರೆ, ಹಿಡಿಕೆ ಎಳೆ, ಮಗ್ಗ ಚಾಲೂ ಮಾಡು ಎಂದರ್ಥ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ, ನೂಲು ಹರಿದಿದೆ, ನಿಲ್ಲಿಸು. ತಲೆಯ ಮೇಲಿನ ಹತ್ತಿ ಜಾಡಿಸಿಕೊಂಡಂತೆ ಮಾಡಿದರೆ, ಪಾಳಿ ಮುಗಿಯಿತು, ಹೊರಗೆ ಬನ್ನಿ. ಮಾವ ನಲವತ್ತು ವರ್ಷ ಹೀಗೇ ಮಾತಾಡಿದ. ಅಷ್ಟರಲ್ಲಿ ಮಗ್ಗ ಅವನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಓಣಿಯಲ್ಲಿ ಅವನನ್ನು ಕಿವುಡ ಎನ್ನುತ್ತಾರೆ. ಶೆಡ್ಡಿನವರ ನಡುವೆ ನಿಂತರೆ ಅವನಷ್ಟು ಹರಟೆಕೋರ ಇನ್ನೊಬ್ಬನಿಲ್ಲ.

ಗಡಹಿಂಗ್ಲಜದಲ್ಲಿ ಪಂದ್ಯಗಳಿದ್ದಾಗ ನಮ್ಮ ಶೆಡ್ಡಿನ ಎಂಟು ಜನ ಮೋಟರ್‌ಸೈಕಲ್ಲುಗಳ ಮೇಲೆ ಹೊರಡುತ್ತೇವೆ. ಕಾಗಲ ದಾಟಿ, ಮುರಗೂಡದಲ್ಲಿ ಚಹಾ ಕುಡಿದು, ಮೈದಾನ ಮುಟ್ಟಿದವರೇ ಗೋಲಿನ ಹಿಂದಿನ ಮಣ್ಣಿನ ದಿಬ್ಬ ಹತ್ತುತ್ತೇವೆ. ಅಲ್ಲಿ ನಾವು ಸಾಲಾಗಿ ನಿಲ್ಲುವುದಿಲ್ಲ. ಎಲ್ಲರ ಕೈ ಎಲ್ಲರಿಗೂ ಕಾಣುವಂತೆ ಅರ್ಧಚಂದ್ರದ ಹಾಗೆ ಬಾಗಿ ನಿಲ್ಲುತ್ತೇವೆ. ಗೋಲಾದರೆ ಎಂಟೂ ಜನ ಒಟ್ಟಿಗೆ ಹಿಡಿಕೆ ಎಳೆಯುತ್ತೇವೆ. ಆಫ್‌ಸೈಡ್ ಆದರೆ ನೂಲು ಹರಿಯಿತು. ರೆಫ್ರಿಯನ್ನು ಬೈಯಲಿಕ್ಕೂ ಒಂದು ಸನ್ನೆಯಿದೆ. ಶೆಡ್ಡಿನಲ್ಲಿ ಮಾಲೀಕ ಬೆನ್ನು ತಿರುಗಿಸಿದಾಗ ಮಾಡುವುದೂ ಅದನ್ನೇ, ಇಲ್ಲಿ ಬರೆಯುವ ಹಾಗಿಲ್ಲ. ಸುತ್ತ ಮಂದಿ ಹಲಗಿ ಬಡಿಯುತ್ತ ಗದ್ದಲ ಹಾಕುತ್ತಿದ್ದರೂ, ಕಿವಿ ನೆಟ್ಟಗಿದ್ದವರಿಗಿಂತ ಮೊದಲು ಮಾವನಿಗೆ ಸುದ್ದಿ ಮುಟ್ಟಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಪಂದ್ಯ ನಡೆಸುವ ಕಮಿಟಿಯವರು ಮೈದಾನದ ಒಂದು ಬದಿಗೆ ನಂಬರ್ ಬರೆದ ಕುರ್ಚಿಗಳನ್ನು ಹಾಕಿದರು. ದಿಬ್ಬಕ್ಕೆ ಹಗ್ಗ ಕಟ್ಟಿದರು. ಆಗ ಮಾವನ ಮೊಣಕಾಲು ಬಾತಿದ್ದವು. ಪಾಪ, ಒಂದು ದಿನವಾದರೂ ಆರಾಮಾಗಿ ಕೂತು ನೋಡಲಿ ಎಂದು ನಾನೇ ಶಾಣ್ಯಾತನ ಮಾಡಿ ಎಂಟೂ ಜನಕ್ಕೆ ಟಿಕೆಟು ತಂದೆ. ಕುರ್ಚಿಗಳು ಒಂದು ಅಲ್ಲಿ, ಒಂದು ಇಲ್ಲಿ ಸಿಕ್ಕವು. ಟಿಕೆಟು ಕೊಡುವವನು, “ಕುಠೇಹೀ ಬಸಾ, ಮ್ಯಾಚ್ ಏಕಚ್,” ಎಂದ. ಎಲ್ಲಿ ಕೂತರೂ ಪಂದ್ಯ ಒಂದೇ ತಾನೆ ಎಂದು ನಾನೂ ತಲೆಯಾಡಿಸಿದೆ. ಮಗ್ಗದ ಮುಂದೆ ಇಷ್ಟು ವರ್ಷ ಕಳೆದವನಿಗೆ ಅಷ್ಟೂ ತಿಳಿಯಬಾರದೆ?

ಮಾವ ತನ್ನ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ನಿನ್ನ ನಂಬರ್ ಎಲ್ಲೈತಿ ಅಳ್ಯಾ?”

“ನಂದು ಹಿಂದ ಐತಿ ಮಾವಾ. ನೀ ಮುಂದ ಆರಾಮ ಕುಂದರು,” ಎಂದು ತುಟಿ ಬಿಡಿಸಿ ಹೇಳಿದೆ. ಅವನು ಮೂರನೆಯ ಸಾಲಿಗೆ ಹೋಗಿ ಕೂತ. ನಾನು ಹಿಂದೆ, ಒಂಬತ್ತನೆಯ ಸಾಲಿನ ತುದಿಗೆ ಕೂತೆ. ಎಲ್ಲರ ಮುಖವೂ ಮೈದಾನದ ಕಡೆಗೆ. ನನಗೆ ಕಂಡದ್ದು ಬರೀ ಬೆನ್ನುಗಳು.

ಮೊದಲರ್ಧದ ಕೊನೆಗೆ ನಾವು ಹಚ್ಚಿಕೊಂಡ ತಂಡದವರು ಚೆಂಡನ್ನು ಬಲೆಗೆ ಹೊಡೆದರು. ಎಲ್ಲರೂ ಎದ್ದರು, ಮಾವನೂ ಎದ್ದ. ಆದರೆ ಅದು ಆಫ್‌ಸೈಡ್. ಸೀಟಿ ಕೇಳಿ ಎಲ್ಲರೂ ಗೊಣಗುತ್ತ ಕೂತರು. ಮಾವನಿಗೆ ಸೀಟಿ ಕೇಳುವುದು ಎಲ್ಲಿಂದ? ಅವನ ಕಣ್ಣೆದುರು ಎರಡು ಬೆರಳು ಆಡಿಸುವವರು ಒಬ್ಬರೂ ಇರಲಿಲ್ಲ. ಅವನೊಬ್ಬನೇ ನಿಂತು ಹಿಡಿಕೆ ಎಳೆಯುತ್ತಲೇ ಇದ್ದ. ಜನ ನಗಲು ಶುರು ಮಾಡಿದರು. “ಖಾಲೀ ಬಸಾ ಮಾಮಾ!”, ಕೆಳಗೆ ಕೂರಿ ಎಂದು ಹಿಂದಿನವನೊಬ್ಬ ಅವನ ಅಂಗಿ ಹಿಡಿದು ಜಗ್ಗಿದ. ಮಾವ ಗಾಬರಿಯಾಗಿ ಹಿಂದೆ ತಿರುಗಿದ, ನಮ್ಮನ್ನು ಹುಡುಕಿದ. ನಾನು ಕುರ್ಚಿಯ ಮೇಲೆ ಹತ್ತಿ ಬೆರಳು ಆಡಿಸಿದೆ, ಅವನಿಗೆ ಕಾಣಲಿಲ್ಲ. ಸುತ್ತ ನಗುವ ಬಾಯಿಗಳಷ್ಟೇ ಅವನಿಗೆ ಕಂಡಿರಬೇಕು. ಮೆಲ್ಲಗೆ ಕೂತು, ಎರಡೂ ಕೈಗಳನ್ನು ತೊಡೆಯ ನಡುವೆ ಸೇರಿಸಿಕೊಂಡ.

ಮಾವನ ಕೈ ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

ಮಧ್ಯಂತರದಲ್ಲಿ ಎದ್ದು ಓಡಾಡುವ ಮಂದಿಯ ನಡುವೆ ನನ್ನ ಸನ್ನೆ ಯಾರಿಗೂ ಕಾಣುವಂತಿರಲಿಲ್ಲ, ತಡೆದೆ. ಎರಡನೆಯ ಅರ್ಧ ಶುರುವಾದ ಕೂಡಲೇ ಎದ್ದು, ಎಲ್ಲ ಸಾಲುಗಳನ್ನು ದಾಟಿ ಮುಂದೆ ಬಂದೆ. ಆಟಕ್ಕೆ ಬೆನ್ನು ಮಾಡಿ ಕುರ್ಚಿಗಳ ಕಡೆಗೆ ಮುಖ ಮಾಡಿ ನಿಂತೆ. ಮಂದಿಯೆಲ್ಲ “ಬಸಾ, ಬಸಾ” ಎಂದು ಬಾಯಿ ಮಾಡಿದರು. ಒಬ್ಬ ನೀರಿನ ಬಾಟಲಿ ಎಸೆದ. ನಾನು ಎರಡೂ ಕೈಯಿಂದ ತಲೆ ಜಾಡಿಸಿಕೊಂಡೆ. ಪಾಳಿ ಮುಗಿಯಿತು, ಹೊರಗೆ ಬನ್ನಿ.

ಬೇರೆಯವರಿಗೆ ನಾನು ಹುಚ್ಚನಂತೆ ಕಂಡಿರಬೇಕು. ನಮ್ಮವರು ಒಬ್ಬೊಬ್ಬರೇ ಎದ್ದರು. ಐದನೆಯ ಸಾಲಿನಿಂದ ಒಬ್ಬ, ಹನ್ನೊಂದರಿಂದ ಇಬ್ಬರು. ಕೊನೆಗೆ ಮಾವ. ಎಂಟೂ ಜನ ಹಗ್ಗದ ಕೆಳಗೆ ನುಸುಳಿ ದಿಬ್ಬ ಹತ್ತಿದೆವು, ಬಾಗಿ ನಿಂತೆವು.

ಕಮಿಟಿಯವನೊಬ್ಬ ಎದೆಗೆ ಬಿಲ್ಲೆ ಹಚ್ಚಿಕೊಂಡು ಓಡಿ ಬಂದ. ಗಡಿಯ ಮನುಷ್ಯನೇ, ಕನ್ನಡ ಬರುತ್ತಿತ್ತು. “ಇಲ್ಲಿ ನಿಂದರಾಂಗಿಲ್ಲ. ಪ್ರತಿಯೊಬ್ರಿಗೂ ಕುರ್ಚಿ ಕೊಟ್ಟೇವಿಲ್ಲ? ಶಿಸ್ತು ಬ್ಯಾಡೇನು?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದ. ಕಮಿಟಿಯವನ ತುಟಿ ನೋಡಿ ಎಲ್ಲ ತಿಳಿದುಕೊಂಡಿದ್ದ. ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ ಶುರು ಮಾಡಿದ.

“ನಲವತ್ತು ವರ್ಷ ನಿಂತೇನಿ ಸಾಹೇಬ್ರ. ಕಾಲು ಬಾತು ಬಂದಾಗ ಒಂದು ಸ್ಟೂಲ್ ಕೇಳಿದ್ನಿ, ಯಾರೂ ಕೊಡ್ಲಿಲ್ಲ. ಈಗ ನೀವು ಕೊಡಾಕ ಬಂದೀರಿ. ಭಾಳ ಉಪಕಾರ ಆತು. ಆದ್ರ ನನಗ ಕುರ್ಚಿ ಬ್ಯಾಡ್ರಿ, ಇವರ ಕೈ ಕಾಣಬೇಕು.”

ಕಮಿಟಿಯವನು ನನ್ನ ಕಡೆ ತಿರುಗಿ, “ಇವರಿಗೆ ಕಿವಿ ಕೇಳ್ಸೂದಿಲ್ಲೇನು?” ಎಂದು ಕೇಳಿದ.

“ನಿಮ್ಮ ಮಾತು ಅಷ್ಟ ಕೇಳ್ಸೂದಿಲ್ಲರಿ,” ಎಂದೆ.

ಪೊಲೀಸರನ್ನು ಕರೆಯುತ್ತೇನೆಂದ. ಕರೀರಿ ಎಂದೆವು. ಬಂದ ಪೊಲೀಸಪ್ಪ ಪಂದ್ಯ ಮುಗಿಯುವವರೆಗೂ ನಮ್ಮ ಪಕ್ಕದಲ್ಲೇ ನಿಂತು ಆಟ ನೋಡಿದ. ಅಲ್ಲಿಂದ ಗೋಲು ಚೆನ್ನಾಗಿ ಕಾಣುತ್ತದೆ. ನಮ್ಮ ತಂಡ ಸೋತಿತು. ಮಾವ ರೆಫ್ರಿಗೆ ಆ ಸನ್ನೆಯನ್ನು ಎಷ್ಟು ಸಲ ಮಾಡಿದನೋ ಲೆಕ್ಕವಿಲ್ಲ.

ಆಮೇಲೆ ಪ್ರತಿ ವರ್ಷ ಹಗ್ಗ ಕಟ್ಟುತ್ತಾರೆ, ಪ್ರತಿ ವರ್ಷ ನುಸುಳುತ್ತೇವೆ. ಈಗ ದಿಬ್ಬ ತೆಗೆದು ಸಿಮೆಂಟಿನ ಗ್ಯಾಲರಿ ಕಟ್ಟಿ ಪೂರಾ ಕುರ್ಚಿ ಕೂರಿಸುವ ಮಾತು ನಡೆದಿದೆ. ಕೂರಿಸಲಿ, ಕುರ್ಚಿಗಳ ಮುಂದೆ ನಿಲ್ಲುತ್ತೇವೆ. ಮಾವನ ಮೊಣಕಾಲು ಇನ್ನೂ ಹದಗೆಟ್ಟಿವೆ. ಡಾಕ್ಟರು ಕೋಲು ಕೊಟ್ಟಿದ್ದಾರೆ. ಮೈದಾನಕ್ಕೆ ಬಂದ ಕೂಡಲೇ ಅವನು ಅದನ್ನು ನನ್ನ ಗಾಡಿಗೆ ಸಿಕ್ಕಿಸಿ ಬರುತ್ತಾನೆ, ಕೋಲು ಹಿಡಿದರೆ ಅರ್ಧ ಮಾತು ಹೋಗುತ್ತದಂತೆ. ತೊಂಬತ್ತು ನಿಮಿಷ ನನ್ನ ಭುಜಕ್ಕೆ ಮೈಭಾರ ಹಾಕಿ ನಿಲ್ಲುತ್ತಾನೆ, ಎರಡೂ ಕೈ ಖಾಲಿ ಇಟ್ಟುಕೊಂಡು.