ಖಾಲಿ ಬಿಟ್ಟ ತಾರೀಖುಗಳು

ಲೆಕ್ಕದಲ್ಲಿ ನಾನು ಜಾಣ ಎಂಬ ಸೊಕ್ಕು ನನಗಿತ್ತು. ಬೆಳಗಾವಿಯ ಯಾವ ಓಣಿಗೆ ನೀರು ಎಷ್ಟು ಹೊತ್ತು ಬರುತ್ತದೆ ಎಂದು ನೋಡುವ ಸಮೀಕ್ಷೆಯಲ್ಲಿ ಅಂಕಿಅಂಶದ ಕೆಲಸ ನನ್ನದು. ಮನೆಗಳಿಗೆ ಕ್ಯಾಲೆಂಡರ್ ಹಂಚಿ, ನಳದ ನೀರು ಬಂದು ಹೋದ ವೇಳೆಯನ್ನು ಆಯಾ ತಾರೀಖಿನ ಕೆಳಗೆ ಬರೆಯಲು ಹೇಳಿದ್ದೆವು. ಸರಾಸರಿ ಕಡಿಮೆ ಬಂದ ಕಡೆ ಮೊದಲು ಹೊಸ ಪೈಪು.

ಶಹಾಪುರದಲ್ಲಿ ಮಗ್ಗದ ಮನೆಯ ಹೆಂಗಸೊಬ್ಬಳು ಕ್ಯಾಲೆಂಡರನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. "ನಮ್ಮ ಓಣಿಗಿ ಪೈಪ್ ಬರತೈತೇನ್ರಿ ಸರ? ಬೋರಿನಿಂದ ಕೊಡಾ ಹೊತ್ತು ಹೊತ್ತು ನಡಾ ಬಿದ್ದೈತ್ರಿ."

"ನೀವು ಬರೋಬ್ಬರಿ ಬರೀರಿ ಅಕ್ಕಾರ, ಉಳದದ್ದು ನಾ ನೋಡ್ಕೋತೇನಿ," ಎಂದೆ. ದೊಡ್ಡ ಮನುಷ್ಯನ ಹಾಗೆ!

ತಿಂಗಳ ಕೊನೆಗೆ ಹೋಗಿ ಬರೆದುಕೊಳ್ಳುವಾಗ ಆಕೆಯ ಕ್ಯಾಲೆಂಡರಿನಲ್ಲಿ ಮುಕ್ಕಾಲು ಪಾಲು ಖಾಲಿ. ಬರೆಯಲು ಬೇಸರಪಟ್ಟಿದ್ದಾಳೆ ಅಂದುಕೊಂಡು, ಮಾಹಿತಿ ಇಲ್ಲದ ದಿನಗಳೆಂದು ಅವನ್ನೆಲ್ಲ ಕಿತ್ತುಹಾಕಿದೆ. ಓಣಿಯ ಉಳಿದವರದ್ದೂ ಅಷ್ಟೇ. ಬಂದ ದಿನ ನೀರು ಬಹಳ ಹೊತ್ತು ಇರುತ್ತಿದ್ದರಿಂದ, ಆ ದಿನಗಳದ್ದಷ್ಟೇ ಸರಾಸರಿ ತೆಗೆದಾಗ ಓಣಿ ಕಾಗದದ ಮೇಲೆ ಸುಖವಾಗಿತ್ತು. ಪೈಪು ರಾಮತೀರ್ಥ ನಗರದ ಕಡೆ ಹೋಯಿತು. ಅಲ್ಲಿ ನೀರು ಸ್ವಲ್ಪ ಹೊತ್ತೇ ಆದರೂ ದಿನಾಲೂ ಬರುತ್ತಿತ್ತು.

ಆಮೇಲೊಂದು ರವಿವಾರ ಖಾನಾಪುರದ ಮನೆಗೆ ಹೋದೆ. ಅಡುಗೆಮನೆಯ ಗೋಡೆಯ ಮೇಲೆ ಅವ್ವ ಹಾಲು ಗುರುತು ಹಾಕುವ ಕ್ಯಾಲೆಂಡರ್.

"ಅವ್ವಾ, ಈ ನಾಕು ದಿನ ಬರಿಯೂದು ಮರತಿ ಏನು?"

"ಹುಚ್ಚಪ್ಪಾ, ಹಾಲಿನಾಕಿ ಬಂದಿಲ್ಲ. ಬಂದಽ ಇಲ್ಲಂದ್ರ ಏನಂತ ಬರೀಲಿ?"

ಆ ಗೋಡೆ ನೋಡುತ್ತಲೇ ಬೆಳೆದವನು ನಾನು. ಖಾಲಿ ಎಂದರೆ ಬಂದಿಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಾರನೆಯ ದಿನ ಖಾಲಿ ತಾರೀಖಿಗೆಲ್ಲ ಸೊನ್ನೆ ಹಾಕಿ ನೋಡಿದೆ. ಶಹಾಪುರದ ಆ ಓಣಿ ಎಲ್ಲಕ್ಕಿಂತ ಕೆಳಗೆ ಬಿತ್ತು. ಮೇಲಿನವರ ಹತ್ತಿರ ಓಡಿದೆ. "ಪೈಪ್ ಹಾಕೂ ಓಣಿಗಳ ಯಾದಿ ಮಂಜೂರಾಗೇತಿ, ಇನ್ನ ಬಿಡ್ರಿ," ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಾಯಿಬಿಟ್ಟು ಹೇಳದೆ ಇರಲಾಗದೆ ಶಹಾಪುರಕ್ಕೆ ಹೋದೆ. ಆಕೆ ಮೊದಲು ಕುಡಿಯಲು ತಂಬಿಗೆ ನೀರು ಕೊಟ್ಟಳು.

"ತಪ್ಪು ನಂದ್ರಿ ಅಕ್ಕಾರ. ನೀವು ಬರೋಬ್ಬರಿ ಬರದಿದ್ರಿ. ನಾನಽ ತಿಳಕೊಳ್ಳಲಿಲ್ಲ. ಪೈಪ್ ಈ ಸಲಾ ಬರೂದಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಮೊಳೆಯಿಂದ ಕ್ಯಾಲೆಂಡರ್ ಇಳಿಸಿ ತಂದಳು. ಸಮೀಕ್ಷೆ ಮುಗಿದು ತಿಂಗಳುಗಳಾಗಿದ್ದರೂ ನಿನ್ನೆಯವರೆಗೆ ಬರೆದಿದ್ದಳು.

"ಹಂಗಾರ ಇದನ್ನ ಇನ್ನ ಬರೀಲೋ ಬ್ಯಾಡೋ, ಹೇಳ್ರಿ ಸರ."

ಆಕೆ ಹೊತ್ತು ತಂದ ನೀರು ನನ್ನ ಕೈಯಲ್ಲಿ ಹಾಗೇ ಇತ್ತು.