ಮಾಸು ಬೀಳುವ ತನಕ ಮಾತಿಲ್ಲ

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ ಹೆರಿಗೆ ಕೋಣೆಯಲ್ಲಿ ಹೊಸ ಕೂಸೊಂದು ಆಸ್ಪತ್ರೆಯ ತಗಡಿನ ಚಾವಣಿ ಎರಡು ಗೇಣು ಮೇಲೇಳುವ ಹಾಗೆ ಅಳುತ್ತಿದೆ. ಕೂಸಿನ ಅಜ್ಜಿ ಬಾಗಿಲ ಸಂದಿಗೆ ಬಾಯಿಟ್ಟು ಕೂಗುತ್ತಾಳೆ: "ಏನಾಯ್ತಮ್ಮಾ? ನನ್ನ ಮಗಳು ಚೆನ್ನಾಗಿದ್ದಾಳಾ? ಒಂದು ಮಾತು ಹೇಳಬಾರ್ದಾ?"

ಒಳಗಿರುವ ಆಯಾ ತುಟಿ ಬಿಚ್ಚುವುದಿಲ್ಲ. ಸ್ಟೀಲ್ ತಟ್ಟೆ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಾಳೆ. ತಟ್ಟೆಯಲ್ಲಿರುವುದು ಮಾಸು, ಅಂದರೆ ಮಗುವಿನ ಹಿಂದೆ ಹೊಕ್ಕುಳಬಳ್ಳಿಯ ಜೊತೆ ಬೀಳುವ ಮಾಂಸದ ಮುದ್ದೆ. ನರ್ಸಮ್ಮ ಒಂದು ಸಲ ನೋಡಿ ಆಗಿದೆ. ಆದರೂ ಇವಳು ಅಂಚು ಬಿಡಿಸಿ, ತಿರುವಿ, ಹರಿದ ಕಡೆ ಏನಾದರೂ ಇದೆಯೇ ಎಂದು ಇನ್ನೊಮ್ಮೆ ನೋಡುತ್ತಾಳೆ. ಉಗುರಿನಷ್ಟು ಚೂರು ತಾಯಿಯ ಒಳಗೆ ಉಳಿದರೂ ರಕ್ತ ನಿಲ್ಲುವುದಿಲ್ಲ. ಎಲ್ಲ ನೋಡಿ, ತಟ್ಟೆ ಕೆಳಗಿಟ್ಟು, ಬಾಗಿಲ ಕಡೆ ತಿರುಗಿ ಒಂದೇ ಮಾತು ಹೇಳುತ್ತಾಳೆ: "ಆಯ್ತು."

ಆ 'ಆಯ್ತು' ಬಿದ್ದ ಮೇಲೆಯೇ ಈ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಲೆಕ್ಕ.

ಇವಳನ್ನು ಎಲ್ಲರೂ ಕರೆಯುವುದು ಪುಕ್ಕಲಕ್ಕ ಎಂದು. ಹೆಸರಿಟ್ಟವಳು ನರ್ಸಮ್ಮನೇ. ಅಕ್ಕನಿಗೆ ಹಲ್ಲಿಯ ಭಯ, ಲಿಫ್ಟಿನ ಭಯ, ಸಹಿ ಹಾಕುವ ಭಯ, ಫೋನು ರಿಂಗಾದರೆ ಭಯ, ರಿಂಗಾಗದಿದ್ದರೆ ಇನ್ನೂ ಭಯ. ಇವಳ ಭಯವನ್ನೆಲ್ಲ ಮೂಟೆ ಕಟ್ಟಿದರೆ ಹೊರಲು ಲಾರಿ ಬೇಕು, ಆ ಲಾರಿ ಕಂಡರೂ ಇವಳಿಗೆ ಭಯ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ವರಾಂಡ ಗುಡಿಸಲು ಆಸ್ಪತ್ರೆಗೆ ಬಂದವಳು. ಹೆರಿಗೆ ಕೋಣೆಗೆ ಕಾಲಿಟ್ಟು ಹದಿನೇಳು ವರ್ಷವಾಗಿದೆ. ಮೂರು ಮಂಚ, ತಿಂಗಳಿಗೆ ನಲವತ್ತರ ಹತ್ತಿರ ಕೂಸು, ಇರುವ ಇಬ್ಬರು ಆಯಾಗಳಲ್ಲಿ ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳಿಗೆ ಎರಡು ಪಾಳಿ. ಗಂಡ ನೆಲಕ್ಕೆ ಟೈಲ್ಸ್ ಹಾಕುವವನು. "ನೆಲ ಮಟ್ಟಸ ಇದೆಯಾ ಅಂತ ನಾನು ನೋಡ್ತೀನಿ, ಆಮೇಲೆ ಇವಳು ಬಂದು ಕಾಲಲ್ಲಿ ತಟ್ಟಿ ತಟ್ಟಿ ನೋಡ್ತಾಳೆ" ಎಂದು ಅವನು ನಗುತ್ತಾನೆ.

ಈಗಿನ ಭಯ ಮಾತ್ರ ನಗುವಂಥದ್ದಲ್ಲ. ಮನೆಯಲ್ಲಿ ಸೊಸೆ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ಅವಳಿಗೆ ಮಾಸು ಅರ್ಧ ಒಳಗೇ ಉಳಿದು, ರಕ್ತ ಹೋಗಿ ಹೋಗಿ, ಮುಖ ಸುಣ್ಣದ ಗೋಡೆಯಂತಾಗಿತ್ತು. ಮಂಚದ ಪಕ್ಕದಲ್ಲೇ ಡಾಕ್ಟರು ಇದ್ದರು, ಉಳಿದಳು. ಈ ಸಲವೂ ಹಾಗಾಗಬಹುದು, ನೋವು ಶುರುವಾದ ತಕ್ಷಣ ಬಂದುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹೀಗಿರುವಾಗಲೇ ಆಸ್ಪತ್ರೆಯ ಗೋಡೆಗೆ ಒಂದು ಸುತ್ತೋಲೆ ಅಂಟುತ್ತದೆ. ಸಣ್ಣ ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನು ದೊಡ್ಡ ಆಸ್ಪತ್ರೆಗಳ ಜೊತೆ ಸೇರಿಸುವ ಹೊಸ ನೀತಿಯ ಕರಡು ಬಂದಿದೆ, ಆಕ್ಷೇಪಣೆ ಇದ್ದವರು ಸಭೆಯಲ್ಲಿ ಹೇಳಬಹುದು ಎಂದು.

ಇವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹೊಳೆಯ ಆಚೆ ದಡದ್ದು. ನಮ್ಮ ಕೋಣೆ ಉಳಿಯುತ್ತದೋ ಹೋಗುತ್ತದೋ ಎಂದು ಅಕ್ಕ ಕೇಳಿದರೆ ಡಾಕ್ಟರು ಕೈಚೆಲ್ಲುತ್ತಾರೆ. "ನನಗೂ ಪೂರ್ತಿ ಕಳಿಸಿಲ್ಲಮ್ಮ. ದೊಡ್ಡ ಲೈಬ್ರರಿಗೆ ಸರ್ಕಾರದ ಕಾಗದಗಳೆಲ್ಲ ಬರುತ್ತವಂತೆ. ನನಗಂತೂ ಇಲ್ಲಿಂದ ಕದಲೋಕ್ಕಾಗಲ್ಲ."

ಪಾಳಿ ಮುಗಿಸಿ ಅಕ್ಕ ಲೈಬ್ರರಿಯ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಾಳೆ. ಎಷ್ಟು ಹೊತ್ತು ನಿಲ್ಲುತ್ತಾಳೆಂದರೆ, ಪಾರಿವಾಳಗಳು ಇವಳನ್ನು ಕಂಬವೆಂದುಕೊಂಡು ಹೆಗಲ ಮೇಲೆ ಕೂರುವುದೊಂದು ಬಾಕಿ. ಒಳಗೆ ಇರುವೆ ಕೆಮ್ಮಿದರೂ ಹತ್ತು ತಲೆ ಏಳುವಷ್ಟು ಮೌನ. ಚಪ್ಪಲಿ ಹೊರಗೆ ಬಿಟ್ಟು, ಮೂಲೆಯ ನಲ್ಲಿಯಲ್ಲಿ ಮೊಣಕೈವರೆಗೆ ಗಸಗಸ ಕೈ ತೊಳೆದು, ಎರಡೂ ಕೈ ಮೇಲೆತ್ತಿಕೊಂಡು, ನೀರು ತೊಟ್ಟಿಕ್ಕಿಸುತ್ತ ಸರ್ಕಾರಿ ಪ್ರಕಟಣೆಗಳ ಮೇಜಿಗೆ ಬರುತ್ತಾಳೆ. ಹೆರಿಗೆ ಕೋಣೆಯ ರೂಢಿ, ಬಿಡಬೇಕಲ್ಲ.

ಲೈಬ್ರರಿ ಮೇಡಂ ಹೌಹಾರಿ ಫೈಲನ್ನು ಎದೆಗವಚಿಕೊಳ್ಳುತ್ತಾರೆ. "ಅಮ್ಮಾ, ಇವಕ್ಕೆ ಸೋಂಕು ತಗುಲಲ್ಲ. ನೀರು ತಗುಲಿದ್ರೆ ಮಾತ್ರ ಸತ್ತೇ ಹೋಗ್ತವೆ."

"ತಪ್ಪಾಯ್ತು ಮೇಡಂ. ಮುಟ್ಟೋಕೆ ಮುಂಚೆ ತೊಳೀದೇ ಇದ್ರೆ ನನಗೆ ಕೈ ನಡುಗುತ್ತೆ."

"ಈಗ್ಲೂ ನಡುಗ್ತಾ ಇದೆಯಲ್ಲ."

"ಇದು ಬೇರೆ ನಡುಕ."

ಮೇಡಂ ನಕ್ಕು, ತಮ್ಮ ಕರ್ಚೀಫು ಕೊಟ್ಟು, ಕುರ್ಚಿ ಎಳೆದು ಕೂರಿಸುತ್ತಾರೆ. ಅವತ್ತಿನಿಂದ ಇಬ್ಬರದೂ ಜೋಡಿ. ಸರ್ಕಾರದ ಭಾಷೆ ಎಂದರೆ ಒಂದು ವಾಕ್ಯದ ಬಾಲ ಹಿಡಿದು ಹೊರಟರೆ ತಲೆ ಸಿಗುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮೇಡಂ ಗಟ್ಟಿಯಾಗಿ ಓದುತ್ತಾರೆ, ಅಕ್ಕ "ಅಂದ್ರೆ?" ಎನ್ನುತ್ತಾಳೆ, ಮೇಡಂ ಬಿಡಿಸಿ ಹೇಳುತ್ತಾರೆ. ಹೊಸ ಕರಡು, ಅದಕ್ಕೂ ಹಿಂದಿನ ನೀತಿ, ಆರೋಗ್ಯ ಇಲಾಖೆಯ ವರ್ಷ ವರ್ಷದ ವರದಿ, ಎಲ್ಲ ಮೇಜಿನ ಮೇಲೆ ಗುಡ್ಡೆ ಬೀಳುತ್ತವೆ.

ಮೂರನೇ ದಿನ ಮೇಡಂ ಮೇಜು ಕುಟ್ಟುತ್ತಾರೆ. "ಸಿಕ್ತು ನೋಡಿ. ಇಪ್ಪತ್ತು ಕಿಲೋಮೀಟರ್ ಒಳಗೆ ಬೇರೆ ಹೆರಿಗೆ ಆಸ್ಪತ್ರೆ ಇಲ್ದೇ ಇದ್ರೆ ಮುಚ್ಚಲ್ಲವಂತೆ. ನಿಮ್ಮಿಂದ ಆಚೆ ದಡಕ್ಕೆ ಎಷ್ಟು?"

"ಸೇತುವೆ ಬಳಸಿ ಹೋಗ್ಬೇಕು. ಐವತ್ತರ ಮೇಲೆ."

"ಮುಗೀತಲ್ಲ. ನಿಮ್ಮ ಕೋಣೆ ಉಳೀತು."

ಸುದ್ದಿ ಆಸ್ಪತ್ರೆಗೆ ಹೋಗಲು ಫೋನು ಸಾಕಾಗುತ್ತದೆ. ನರ್ಸಮ್ಮ ಅತ್ತಲಿಂದ ಕೂಗಿದ ಕೂಗು ಲೈಬ್ರರಿಯ ಮೌನಕ್ಕೆ ತೂತು ಕೊರೆಯುತ್ತದೆ. ಅಕ್ಕ ಮಾತ್ರ ಕೂತಲ್ಲೇ ಬೆವರುತ್ತಾಳೆ. ಮಗು ಬಂತು, ಸರಿ. ಹಿಂದೆ ಬರಬೇಕಾದದ್ದು ಎಲ್ಲಿ?

"ಮೇಡಂ, ಇದು ಪೂರ್ತಿನಾ? ಒಳಗೆ ಏನೂ ಉಳಿದಿಲ್ವಾ?"

ಮೇಡಂ ಕೊನೆಯ ಪುಟ ತಿರುವುತ್ತಾರೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿದೆ: ದೂರದ ಲೆಕ್ಕಾಚಾರಕ್ಕೆ ಅನುಬಂಧ ನೋಡಿ. ಲೈಬ್ರರಿಗೆ ಬಂದ ಪ್ರತಿಯಲ್ಲಿ ಅನುಬಂಧವೇ ಇಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚಷ್ಟೇ ಇದೆ. ಅಕ್ಕ ಆ ಅಂಚಿನ ಮೇಲೆ ಬೆರಳಾಡಿಸಿ, ಕುರ್ಚಿಯನ್ನು ಮೇಜಿಗೆ ಇನ್ನೂ ಹತ್ತಿರ ಎಳೆದುಕೊಳ್ಳುತ್ತಾಳೆ.

"ನನಗೆ ಧೈರ್ಯ ಇದ್ದಿದ್ರೆ ಅವತ್ತೇ ಖುಷಿಯಾಗಿ ಮನೆಗೆ ಹೋಗ್ಬಿಡ್ತಿದ್ದೆ" ಎನ್ನುತ್ತಾಳೆ ಈಗ, ನಮ್ಮ ಪತ್ರಿಕೆಯ ಜೊತೆ ಮಾತಾಡುತ್ತ. "ಭಯ ಕೂರಿಸಿಕೊಳ್ತು."

ಅನುಬಂಧ ಹುಡುಕುವುದು ಸೊಳ್ಳೆಯ ಜಾಡು ಹಿಡಿದಂತೆ. ಸರ್ಕಾರದ ವೆಬ್‌ಸೈಟು ಕರಡು ಕೊಡುತ್ತದೆ, ಅನುಬಂಧ ಒತ್ತಿದರೆ ಚಕ್ರ ಸುತ್ತುತ್ತದೆ. ಚಕ್ರ ಸುತ್ತಿದ ದೂರಕ್ಕೆ ಇಬ್ಬರೂ ರಾಜಧಾನಿಗೆ ಹೋಗಿ ಬರಬಹುದಿತ್ತು. ಇಲಾಖೆಯ ಕಚೇರಿಯಲ್ಲಿ ಒಬ್ಬರು ಮೇಲಿನ ಮಹಡಿ ಎನ್ನುತ್ತಾರೆ, ಮೇಲಿನವರು ಕೆಳಗೆ ಎನ್ನುತ್ತಾರೆ. ಲಿಫ್ಟಿಗೆ ಹೆದರುವ ಅಕ್ಕ ಎರಡೂ ಸಲ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಕೊನೆಗೆ ಮೇಡಂ ಬೇರೆ ಊರಿನ ಲೈಬ್ರರಿಯ ತಮ್ಮ ಗೆಳತಿಗೆ ಫೋನು ಹಚ್ಚಿ, ಅಲ್ಲಿನ ಪ್ರತಿಯ ಹಿಂದಿನ ಎರಡು ಹಾಳೆ ತರಿಸುತ್ತಾರೆ.

ಹಾಳೆ ಬಂದ ದಿನ ಮೇಡಂ ಗಟ್ಟಿಯಾಗಿ ಓದುವುದಿಲ್ಲ. ಮೊದಲು ಮನಸ್ಸಿನಲ್ಲೇ ಓದಿ, ಕನ್ನಡಕ ತೆಗೆಯುತ್ತಾರೆ. ಎರಡು ಆಸ್ಪತ್ರೆಗಳ ನಡುವಿನ ದೂರವನ್ನು ರಸ್ತೆಯಲ್ಲಿ ಅಳೆದಿಲ್ಲ, ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದಿದ್ದಾರೆ. ಹೊಳೆಯ ಮೇಲೆ ಹಕ್ಕಿ ಹಾರಿದಂತೆ ಹೋದರೆ ಆಚೆ ದಡ ಒಂಬತ್ತೇ ಕಿಲೋಮೀಟರ್. ಮುಚ್ಚುವ ಕೋಣೆಗಳ ಪಟ್ಟಿಯಲ್ಲಿ ಇವರದು ಎರಡನೆಯದು.

ಅವತ್ತು ರಾತ್ರಿ ಊಟಕ್ಕೆ ಕೂತ ಅಕ್ಕ ಅನ್ನ ಕಲಸುತ್ತಲೇ ಇರುತ್ತಾಳೆ, ಬಾಯಿಗಿಡುವುದಿಲ್ಲ. ಸೊಸೆ ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತ ಅತ್ತೆಯನ್ನು ನೋಡುತ್ತಾಳೆ.

"ಅತ್ತೆ, ನೀವು ಹೀಗೆ ನಡುಗಿದ್ರೆ ಒಳಗಿರೋದು ಈಗ್ಲೇ ಆಚೆ ಬಂದು ಏನಾಯ್ತಜ್ಜಿ ಅಂತ ಕೇಳುತ್ತೆ."

"ಬಾಯಿ ಮುಚ್ಚೇ. ಮಾತಾಡೋ ಹೊತ್ತಾ ಇದು?"

ಸೊಸೆ ತಟ್ಟೆ ಕೆಳಗಿಡುತ್ತಾಳೆ. "ನನಗೂ ಭಯ ಇದೆ ಅತ್ತೆ. ನಿಮ್ಮ ಮುಂದೆ ಹೇಳಿದ್ರೆ ನೀವು ತಡ್ಕೊಳ್ಳಲ್ಲ ಅಂತ ನಗ್ತೀನಿ." ಅಕ್ಕ ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾಳೆ. ಆಮೇಲೆ ಸೊಸೆಯೇ ಹೇಳುತ್ತಾಳೆ, "ಸಭೆಗೆ ನಾನೂ ಬರ್ತೀನಿ."

ಸಭೆಯ ಹಾಲಿನಲ್ಲಿ ಮೈಕು ಹಾವಿನ ಹೆಡೆಯ ಹಾಗೆ ನಿಂತಿದೆ. ಡಾಕ್ಟರು ಮಾತಾಡುತ್ತಾರೆ, ಮೇಡಂ ಎರಡು ಹಾಳೆಗಳನ್ನು ಅಧಿಕಾರಿಯ ಮುಂದಿಡುತ್ತಾರೆ. ಅಕ್ಕನ ಸರದಿ ಬರುತ್ತದೆ. ಸೊಸೆ ಕೈ ಹಿಡಿದು ಎಬ್ಬಿಸುತ್ತಾಳೆ. ಮೈಕಿನಲ್ಲಿ ಮೊದಲು ಕೇಳುವುದು ಬರೀ ಉಸಿರು.

"ಸಾರ್, ಇವಳು ನನ್ನ ಸೊಸೆ. ಮೊದಲ್ನೇ ಸಲ ರಕ್ತ ನಿಲ್ಲಲಿಲ್ಲ. ರಕ್ತ ಹೋಗೋವಾಗ ಸೇತುವೆ ತನಕ ಹೋಗೋಕ್ಕಾಗಲ್ಲ ಸಾರ್. ನೀವು ಎಳೆದ ಗೆರೆ ಹೊಳೆ ಮೇಲೆ ಹೋಗುತ್ತೆ. ನಾವು ಹೇಗೆ ಹೋಗೋದು?"

ಅಷ್ಟೇ. ಇನ್ನೂ ಹೇಳಬೇಕಿತ್ತು, ಅಷ್ಟರಲ್ಲಿ ಮೈಕು ಬಿಟ್ಟು ಹಿಂದೆ ಸರಿದಾಗಿದೆ. ಅಧಿಕಾರಿ ನಕ್ಷೆಯ ಮೇಲೆ ಬೆರಳಿಟ್ಟು, ಈ ದಡದಿಂದ ಸೇತುವೆಗೆ, ಸೇತುವೆಯಿಂದ ಆ ದಡಕ್ಕೆ ನಿಧಾನವಾಗಿ ಎಳೆಯುತ್ತಾರೆ. ರಸ್ತೆಯ ದೂರ ಅಳೆಸಿ ವರದಿ ತರಿಸುತ್ತೇನೆ, ತೀರ್ಮಾನ ತಿಂಗಳ ಕೊನೆಗೆ ಎನ್ನುತ್ತಾರೆ. ಹಾಲು ಚಪ್ಪಾಳೆಯಲ್ಲಿ ಮುಳುಗುತ್ತದೆ. ಗೆದ್ದೆವು ಎಂದು ನರ್ಸಮ್ಮ ಡಾಕ್ಟರ ಬೆನ್ನಿಗೇ ಒಂದು ಬಾರಿಸುತ್ತಾಳೆ. ಅಕ್ಕ ಚಪ್ಪಾಳೆ ತಟ್ಟುವುದಿಲ್ಲ. ಸೊಸೆಗೂ ತಿಂಗಳ ಕೊನೆಗೇ ದಿನ ಕೊಟ್ಟಿದ್ದಾರೆ.

ಈ ಬರಹಕ್ಕೆಂದು ಪತ್ರಿಕೆಯ ಫೋಟೋಗ್ರಾಫರ್ ಒಂದು ಬೆಳಗ್ಗೆ ಆಸ್ಪತ್ರೆಗೆ ಹೋದಾಗ, ಅಕ್ಕ ಮೂರು ಮಂಚಗಳಿಗೂ ಒಗೆದ ಬಟ್ಟೆ ಹಾಸುತ್ತಿದ್ದಾಳೆ. ಕಿಟಕಿಯ ಪಕ್ಕದ ಮಂಚ ಡಾಕ್ಟರ ಕೋಣೆಗೆ ಹತ್ತಿರ, ಅದರ ಮೇಲೆ ಕೈ ಸ್ವಲ್ಪ ಹೆಚ್ಚು ಹೊತ್ತು ಆಡುತ್ತದೆ. ಕ್ಯಾಮೆರಾ ಕಂಡದ್ದೇ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಒಂದೇ ಒಂದು ಎಂದು ಅವನು ಗೋಗರೆದರೂ ಇಲ್ಲ. ಅದಕ್ಕೇ ಈ ಪುಟದಲ್ಲಿ ಅವಳ ಚಿತ್ರವಿಲ್ಲ, ಖಾಲಿ ಮಂಚದ್ದು ಮಾತ್ರ ಇದೆ.

"ಈಗ ಬೇಡಪ್ಪ" ಎನ್ನುತ್ತಾಳೆ. "ನನ್ನ ಸೊಸೆ ಈ ಮಂಚದ ಮೇಲೇ ಹೆರಲಿ. ಅವಳದೂ ಪೂರ್ತಿ ಬೀಳಲಿ, ಸರ್ಕಾರದ್ದೂ ಪೂರ್ತಿ ಬೀಳಲಿ. ಎರಡನ್ನೂ ತಿರುವಿ ನೋಡಿ ಆಯ್ತು ಅಂತೀನಿ. ಆಮೇಲೆ ಬಾ, ಹಲ್ಲು ಬಿಟ್ಕೊಂಡು ನಿಲ್ತೀನಿ."