ಗುಬ್ಬಿಯಲ್ಲಿ ನಾನು ಗೆದ್ದ ಪದ

ಸತ್ಯಕ್ಕಾಗಿ ನಾನು ಸ್ವಂತ ಗೆಳತಿಯನ್ನೂ ಬಿಡಲಿಲ್ಲವಂತೆ. ನಮ್ಮ ತುಮಕೂರಿನ ಕಾಲೇಜಿನಲ್ಲಿ ಇವತ್ತಿಗೂ ಹೀಗೇ ಹೇಳುತ್ತಾರೆ. ಗುಬ್ಬಿಯ ಇಂಗ್ಲಿಷ್ ಚರ್ಚಾಸ್ಪರ್ಧೆಯಲ್ಲಿ ತಸ್ನೀಮ್ ಒಂದು ಪದವನ್ನು ತಪ್ಪಾಗಿ ಬಳಸಿದಳು, ನಾನು ಎದ್ದು ತಿದ್ದಿದೆ, ಅವಳ ಬಾಯಿ ಕಟ್ಟಿತು—ಕಥೆ ಇಷ್ಟು. ಇದನ್ನು ಪರಿಶೀಲಿಸಿದವರು ಯಾರು? ನಿಘಂಟು ತೆಗೆದು ನೋಡಿದವರು ಒಬ್ಬರಾದರೂ ಇದ್ದಾರೆಯೇ? ಇಲ್ಲ. ಹಾಗಾಗಿ ನಾನೇ ಹೇಳಬೇಕು: ಅವಳ ಪದ ಸರಿಯಾಗಿತ್ತು. ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತಪ್ಪು ಎಂದೆ.

ಹೇಗೆ ಗೊತ್ತಿತ್ತು ಎಂದರೆ—ಅವಳೇ ಕಲಿಸಿದ್ದು.

ನಾನು ಅಮೃತೂರಿನಲ್ಲಿ ಪ್ರೈವೇಟ್ ಬಸ್ಸು ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಅವಳಿಗಾಗಿ ಜಾಗ ಹಿಡಿಯುತ್ತಿದ್ದೆ. ಅವಳು ಕುಣಿಗಲ್‌ನಲ್ಲಿ ಹತ್ತುತ್ತಿದ್ದಳು. ಅಲ್ಲಿಂದ ತುಮಕೂರಿನ ತನಕ ನಮ್ಮದೊಂದು ಆಟ: ಒಬ್ಬಳು ಅಕ್ಕತಂಗಿಯರಂತೆ ಕಾಣುವ ಎರಡು ಇಂಗ್ಲಿಷ್ ಪದ ಹೇಳಬೇಕು, ಇನ್ನೊಬ್ಬಳು ಅವುಗಳ ವ್ಯತ್ಯಾಸ ಬಿಡಿಸಬೇಕು.

"ಎನ್ವಿ, ಜೆಲಸಿ," ಎಂದಳು ಒಂದು ದಿನ.

"ಇನ್ನೊಬ್ಬರ ಹತ್ರ ಇರೋದು ನಂಗೂ ಬೇಕು ಅನ್ನೋದು ಎನ್ವಿ. ನನ್ನ ಹತ್ರ ಇರೋದನ್ನ ಅವ್ರೆಲ್ಲಿ ಕಿತ್ಕೋತಾರೋ ಅನ್ನೋದು ಜೆಲಸಿ."

"ನಿಂಗೆ ಎರಡೂ ಐತೆ ಬುಡು. ಈಗ ಹೇಳು—ಅನ್‌ಇಂಟರೆಸ್ಟೆಡ್, ಡಿಸ್‌ಇಂಟರೆಸ್ಟೆಡ್."

"ಎರಡೂ ಒಂದೇ ಕಣೇ. ಆಸಕ್ತಿ ಇಲ್ಲ ಅಂತ."

"ಏನ್ಲೇ, ನೀನು ಡಿಬೇಟರ್ರಾ! ಇಬ್ರು ಜಗಳ ಆಡ್ತಿರೋವಾಗ ಆಕಳಿಸ್ತಾ ಕೂತವ್ನು ಅನ್‌ಇಂಟರೆಸ್ಟೆಡ್. ಯಾರು ಗೆದ್ರೂ ತನಗೇನೂ ಸಿಗಲ್ಲ ಅಂತ ಗೊತ್ತಿದ್ದೂ ಕಿವಿಗೊಟ್ಟು ಕೇಳೋನು ಡಿಸ್‌ಇಂಟರೆಸ್ಟೆಡ್."

ಮರೆಯುವಂಥ ವಿವರಣೆಯಲ್ಲ ಅದು. ನಾನು ಮರೆತಿರಲಿಲ್ಲ.

ಗುಬ್ಬಿಗೆ ನಾವಿಬ್ಬರೂ ಒಂದೇ ತಂಡವಾಗಿ ಹೋದೆವು. ಚರ್ಚಾಸ್ಪರ್ಧೆಯ ಪದ್ಧತಿಯೇ ಹಾಗೆ—ಒಂದು ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ, ಪಾರಿತೋಷಕ ಜೋಡಿಗೆ. ಖಂಡನೆಯ ಸುತ್ತಿನಲ್ಲಿ ಯಾರನ್ನು ಬೇಕಾದರೂ ಹರಿದು ಹಾಕು, ನಿನ್ನ ಜೊತೆಗಾತಿಯನ್ನು ಮಾತ್ರ ಮುಟ್ಟಬೇಡ. ಇದು ಎಲ್ಲೂ ಬರೆದಿಡದ, ಎಲ್ಲರೂ ಪಾಲಿಸುವ ನಿಯಮ. ಆದರೆ ಅತ್ಯುತ್ತಮ ಭಾಷಣಕಾರರ ಬಹುಮಾನ ಒಬ್ಬರಿಗೇ. ರಾಜ್ಯಮಟ್ಟಕ್ಕೆ ಹೋಗುವುದೂ ಅವರೊಬ್ಬರೇ.

ಊರಿನ ಜಗಳಗಳನ್ನು ಊರ ಹಿರಿಯರೇ ತೀರ್ಮಾನಿಸಬೇಕು ಎಂಬುದು ವಿಷಯ. ನಾನು ಪರ, ಅವಳು ವಿರೋಧ. ನೆಂಟರು ನೆಂಟರಿಗೆ ಕೊಡುವುದು ನ್ಯಾಯವಲ್ಲ, ಡಿಸ್‌ಇಂಟರೆಸ್ಟೆಡ್ ಜಡ್ಜ್‌ಗಳು ಬೇಕು ಎಂದು ಅವಳು ಮುಗಿಸಿದಾಗ ಸಭೆ ಪೂರ್ತಿ ಸದ್ದಿಲ್ಲದೆ ಕೂತಿತ್ತು. ನನ್ನ ಭಾಷಣಕ್ಕೆ ಚಪ್ಪಾಳೆ ಬಿದ್ದಿತ್ತು, ನಿಜ. ಆದರೆ ಆ ಮೌನ—ಅದು ನನಗೆ ಬಿದ್ದಿರಲಿಲ್ಲ.

ಎರಡನೇ ಸಾಲಿನಲ್ಲಿ ಅವಳ ಅಬ್ಬ ಕೂತಿದ್ದರು. ಕುಣಿಗಲ್‌ನಲ್ಲಿ ಹತ್ತಿಯ ಹಾಸಿಗೆ ಹೊಲಿಯುವವರು. ಮಗಳ ಮಾತು ಕೇಳಲೆಂದು ಮೊದಲ ಸಲ ಅಂಗಡಿ ಮುಚ್ಚಿ ಬಂದಿದ್ದರು. ಇಂಗ್ಲಿಷ್ ಬಾರದು.

ನನ್ನ ಖಂಡನೆಯ ಸರದಿ ಬಂತು. ಎದ್ದೆ. "ನನ್ನ ಗೆಳತಿಗೆ ಆಸಕ್ತಿಯೇ ಇಲ್ಲದ ನ್ಯಾಯಾಧೀಶರು ಬೇಕಂತೆ! ಕುರ್ಚಿಯಲ್ಲಿ ತೂಕಡಿಸುವವರಿಗಿಂತ ಎಚ್ಚರವಾಗಿರುವ ನಮ್ಮೂರ ಗೌಡರೇ ವಾಸಿಯಲ್ಲವೇ?"—ಇಂಗ್ಲಿಷಿನಲ್ಲಿ ಇದನ್ನೇ ಹೇಳಿದೆ, ಬಹಳ ವೇಗವಾಗಿ. ನಮ್ಮಲ್ಲಿ ಇಂಗ್ಲಿಷನ್ನು ವೇಗವಾಗಿ ಆಡಿದರೆ ಅದೇ ಪುರಾವೆ. ಸಭೆ ಗೊಳ್ಳೆಂದಿತು. ತೀರ್ಪುಗಾರರೂ ನಕ್ಕರು.

ಉತ್ತರ ಕೊಡಲು ತಸ್ನೀಮ್‌ಗೆ ಅವಕಾಶವಿತ್ತು. ಮೈಕಿನ ಮುಂದೆ ನಿಂತು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ—ಬಸ್ಸಿನಲ್ಲಿ ನನ್ನ ಉತ್ತರಕ್ಕೆ ಕಾಯುತ್ತಿದ್ದಳಲ್ಲ, ಹಾಗೆ. ಸುಮ್ನೆ ಅಂದೆ ಕಣೇ, ಅಂತ ನಾನು ಕಣ್ಣಿನಲ್ಲಾದರೂ ಹೇಳುತ್ತೇನೆಂದು. ನಾನು ಕೈಯಲ್ಲಿದ್ದ ಹಾಳೆ ನೋಡಿದೆ. ಅವಳು ಎರಡನೇ ಸಾಲಿನ ಕಡೆ ತಿರುಗಿದಳು.

ಅಬ್ಬ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ, ಚಪ್ಪಾಳೆ ತಟ್ಟುತ್ತಾ. ನಾನು ಅವಳತ್ತ ಕೈ ತೋರಿಸಿ ಆಡಿದ್ದರಿಂದ, ಇಡೀ ಸಭೆಯನ್ನು ನಗಿಸಿದ್ದು ತನ್ನ ಮಗಳ ಮಾತು ಎಂದುಕೊಂಡಿದ್ದರು.

ಅವರನ್ನು ನೋಡಿ ಅವಳು "ಥ್ಯಾಂಕ್ಯೂ" ಎಂದಷ್ಟೇ ಹೇಳಿ ಕೆಳಗಿಳಿದಳು.

ಹೊರಗೆ ಅಬ್ಬ ನನ್ನನ್ನೇ ಕೇಳಿದರು: "ಅದೇನ್ ಹೇಳಿದ್ಲಮ್ಮ ನಮ್ ತಸ್ನೀಮ್, ಹಂಗ್ ನಕ್ರಲ್ಲ ಎಲ್ಲಾ?"

"ಒಳ್ಳೇ ಜೋಕ್ ಹೇಳಿದ್ಲು ಚಾಚಾ."

ತಡವರಿಸಲೂ ಇಲ್ಲ ನಾನು. ಅವಳು ಪಕ್ಕದಲ್ಲೇ ನಿಂತಿದ್ದಳು.

ಮರುದಿನದಿಂದ ಅವಳು ಬೇರೆ ಬಸ್ಸಿಗೆ ಬರತೊಡಗಿದಳು. ಲಾ ಓದಬೇಕೆಂದಿದ್ದವಳು. "ನಾಕ್ ಜನದ ಮುಂದೆ ಬಾಯ್ಬಿಡೋಕೆ ನನ್ ಕೈಲಿ ಆಗಲ್ಲ ಮೇಡಂ," ಎಂದು ನಮ್ಮ ಅಧ್ಯಾಪಕಿಗೆ ಹೇಳಿದ್ದನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಒಳಗೆ ಹೋಗಲಿಲ್ಲ. ರಾಜ್ಯಮಟ್ಟಕ್ಕೆ ಹೋದೆ.

ಒಂದು ಪದದಿಂದ ಯಾರ ಬದುಕೂ ಮುರಿಯುವುದಿಲ್ಲ—ಈ ವಾದವನ್ನು ಎಷ್ಟೋ ಸಲ ಕಟ್ಟಿದ್ದೇನೆ. ಚೆನ್ನಾಗಿದೆ. ಗೆಲ್ಲುತ್ತದೆ ಕೂಡ. ಅದಕ್ಕೇ ಅದನ್ನು ನಂಬುವುದಿಲ್ಲ.

ಈಗ ಅದೇ ಕಾಲೇಜು ಹೊಸ ಮಕ್ಕಳಿಗೆ ಚರ್ಚೆ ಕಲಿಸಲು ನನ್ನನ್ನು ಕರೆಯುತ್ತದೆ. ಮೊನ್ನೆ ಅದೇ ಕಥೆ ಹೇಳಿ ನನ್ನನ್ನು ಪರಿಚಯಿಸಿದರು. ನಾನು—ಮುಗುಳ್ನಕ್ಕೆ. ಮುಂದಿನ ತರಗತಿಯಲ್ಲಿ, ಬೇರೆ ಏನನ್ನೂ ಕಲಿಸುವ ಮೊದಲು, ಇಲ್ಲಿ ಬರೆದದ್ದನ್ನು ಆ ಮಕ್ಕಳಿಗೆ ಹೇಳುತ್ತೇನೆ. ಅದು ನಿಶ್ಚಯ.

ಆದರೆ ತಸ್ನೀಮ್, ಕುಣಿಗಲ್‌ನಲ್ಲಿ ನನ್ನನ್ನು ಕಂಡರೆ ನಿನ್ನ ಅಬ್ಬ ಇವತ್ತಿಗೂ ಸೂಜಿ ಕೆಳಗಿಟ್ಟು, ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ: "ಗುಬ್ಬೀಲಿ ನನ್ ಮಗಳು ಇಡೀ ಹಾಲ್ ನಗಿಸಿದ್ಲು, ಈ ಯಮ್ಮನ್ನೇ ಕೇಳಿ!" ನಾನು ತಲೆಯಾಡಿಸುತ್ತೇನೆ. ನೀನು ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ್ದು ಅವರ ಆ ನಗುವನ್ನೇ ಅಲ್ಲವೇ—ಅವರಿಗೂ ನಾನು ನಿಜ ಹೇಳಲಾ?